ತಿಂಗಳು ಬರೆಯದ ನಕ್ಷೆ

ಫಟ್!

ಮೊದಲು ಕೇಳಿಸುತ್ತಿದ್ದದ್ದು ಅದು. ಚಾಟಿ ಹೊಡೆದ ಹಾಗೆ, ಆದರೆ ಚಾಟಿಗಿಂತ ಒಣಗಿದ ಸದ್ದು. ಆಮೇಲೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ ನೂರಾರು ಗುಬ್ಬಿಗಳು ಜೋಳದ ತೆನೆಗಳಿಂದ ಒಮ್ಮೆಲೇ ಎದ್ದ ಸರ್ ಎನ್ನುವ ಗಾಳಿ, ಅದರ ಹಿಂದೆ ಎಲ್ಲೋ ದೂರದಿಂದ ಒಬ್ಬ ಹೆಂಗಸಿನ ಉದ್ದನೆಯ ಕೂಗು, 'ಹೋ... ಹೋಹೋ...' ಅದು ಮುಗಿಯುವಷ್ಟರಲ್ಲಿ ಇನ್ನೊಂದು ದಿಕ್ಕಿನಿಂದ ಮತ್ತೆ, ಫಟ್!

ಇವತ್ತು ಬೆಳಗ್ಗೆ ಎದುರಿನ ಫ್ಲ್ಯಾಟಿನ ಹುಡುಗಿ ಬಾಲ್ಕನಿಯಲ್ಲಿ ಒದ್ದೆ ಬೆಡ್‌ಶೀಟನ್ನು ಜೋರಾಗಿ ಕೊಡವಿದಳು. ಅಷ್ಟೇ. ನಾನು ಟೀ ಕಪ್ಪನ್ನು ಅಲ್ಲೇ ಇಟ್ಟು ಎದ್ದು ನಿಂತಿದ್ದೆ. ಯಾಕೆ ನಿಂತೆ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬೆಳಗಾವಿಯ ಈ ಮೂರನೆಯ ಮಹಡಿಯಲ್ಲಿ ಗುಬ್ಬಿಗಳಿಲ್ಲ, ಜೋಳವಿಲ್ಲ. ನಾನು ಎದ್ದು ನಿಲ್ಲಬೇಕಾಗಿದ್ದ ಜಾಗವೂ ಇದಲ್ಲ. ಎದ್ದು ನಿಲ್ಲಬೇಕಾಗಿದ್ದಾಗ ನಾನು ಕೂತೇ ಇದ್ದೆ. ಅದನ್ನು ಬರೆದಿಡಬೇಕು ಎಂದು ಎಷ್ಟೋ ವರ್ಷಗಳಿಂದ ಅಂದುಕೊಳ್ಳುತ್ತಲೇ ಬಂದಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಇಪ್ಪತ್ತೆಂಟು. ಕಾನ್ವೆಂಟಿನಲ್ಲಿ ಕಲಿತು, ಜಿಯೋಗ್ರಫಿಯಲ್ಲಿ ಎಂ.ಎ. ಮಾಡಿ, ಒಂದು ಸರಕಾರಿ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ್ದೆ. ಆ ಸೆಕ್ಷನ್ನಿನಲ್ಲಿ ನಾನೊಬ್ಬಳೇ ಹೆಂಗಸು. ಸ್ಯಾಟಲೈಟ್ ಎಂದರೆ ಜನ ಆಗ ತಲೆ ಎತ್ತಿ ಆಕಾಶ ನೋಡುತ್ತಿದ್ದ ಕಾಲ. ಅಮೆರಿಕದವರ ಸ್ಯಾಟಲೈಟೊಂದು ಹದಿನೆಂಟು ದಿನಕ್ಕೊಮ್ಮೆ ನಮ್ಮ ನೆತ್ತಿಯ ಮೇಲೆ ಹಾದು ಹೋಗುತ್ತಿತ್ತು. ಅದು ತೆಗೆದ ಚಿತ್ರಗಳನ್ನು ದೊಡ್ಡ ಕಾಗದದ ಮೇಲೆ ಪ್ರಿಂಟ್ ಹಾಕಿಸಿ ತರಿಸುತ್ತಿದ್ದರು. ಆ ಚಿತ್ರಗಳಲ್ಲಿ ಹಸಿರು ಹಸಿರಾಗಿ ಕಾಣುವುದಿಲ್ಲ, ಕೆಂಪಾಗಿ ಕಾಣುತ್ತದೆ. ಬೆಳೆ ಕೆಂಪು, ಕಾಡು ಕೆಂಪು, ಖಾಲಿ ಎರೆನೆಲ ಮಾತ್ರ ಕಪ್ಪು ಬೆರೆಸಿದ ನೀಲಿ. ಲೈಟ್ ಟೇಬಲ್ ಮೇಲೆ ಚಿತ್ರ ಹಾಸಿ, ಅದರ ಮೇಲೆ ಟ್ರೇಸಿಂಗ್ ಫಿಲ್ಮ್ ಇಟ್ಟು, ಕೆಂಪೆಷ್ಟು ಕಪ್ಪೆಷ್ಟು ಎಂದು ಗೆರೆ ಎಳೆಯುವುದು ನನ್ನ ಕೆಲಸ.

ನನಗೆ ಕೊಟ್ಟಿದ್ದು ವಿಜಾಪುರ ಜಿಲ್ಲೆಯ ನಾಲ್ಕು ತಾಲೂಕು: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಭೀಮೆಗೆ ಸೇರುವ ಹಳ್ಳಗಳು, ಡೋಣಿಗೆ ಸೇರುವ ಹಳ್ಳಗಳು. ಒಂದೊಂದು ಹಳ್ಳಕ್ಕೂ ಮಳೆನೀರು ಕೂಡಿಸಿಕೊಡುವ ನೆಲ ಯಾವುದು, ಕೆಲವೇ ವರ್ಷಗಳಲ್ಲಿ ಆ ನೆಲದ ಹೊದಿಕೆ ಹೇಗೆ ಬದಲಾಗಿದೆ, ಇದನ್ನು ತೋರಿಸಬೇಕಿತ್ತು. ಎರಡು ಚಿತ್ರ ಸಿಕ್ಕಿದ್ದವು. ಒಂದು, ಗೇಣಿದಾರರಿಗೆ ಹೊಲ ಕೊಡುವ ಕಾಯ್ದೆ ಬರುವುದಕ್ಕಿಂತ ಮೊದಲಿನ ಒಂದು ಜನವರಿಯದು. ಇನ್ನೊಂದು ಅದಾಗಿ ಕೆಲವು ವರ್ಷಗಳ ಮೇಲಿನ ಒಂದು ಅಕ್ಟೋಬರಿನದು. ಯಾಕೆ ಅಕ್ಟೋಬರ್ ಎಂದರೆ, ಮೋಡವಿಲ್ಲದ ಚಿತ್ರ ಅದೊಂದೇ ಇತ್ತು. ಮೊದಲನೆಯದರಲ್ಲಿ ಸಿಂದಗಿಯ ಸೀಮೆ ಕುಂಕುಮ ಚೆಲ್ಲಿದ ಹಾಗಿತ್ತು. ಎರಡನೆಯದರಲ್ಲಿ ಕಪ್ಪು, ಬರೀ ಕಪ್ಪು. ಇಷ್ಟೊಂದು ಭೂಮಿ ಹಾಳು ಬಿದ್ದಿದೆ, ಅದನ್ನು ಕಂಡುಹಿಡಿದವಳು ನಾನು! ಬ್ರೌನ್ ಇಂಕಿನಲ್ಲಿ ತುಂಬಿ, ಪಕ್ಕದಲ್ಲಿ ನನ್ನ ನೀಟಾದ ಕಾನ್ವೆಂಟ್ ಅಕ್ಷರದಲ್ಲಿ 'ಬೆಳೆಯಿಂದ ಪಾಳಿಗೆ' ಎಂದು ಬರೆದೆ. ಕೆಳಗೆ ಎರಡು ಇಸವಿ ಹಾಕಿದೆ. ತಿಂಗಳು ಹಾಕಲಿಲ್ಲ. ಅದು ಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ನಮ್ಮ ಚೀಫ್ ಖುಷಿಯಾದರು. ಸೆಮಿನಾರಿಗೆ ಪೇಪರ್ ಬರೆಯಲು ಕೂತರು. ಕರಡು ನಕ್ಷೆಯ ಪ್ರತಿಗಳು ಜಿಲ್ಲೆಗೆ ಹೋದವು. ಗ್ರೌಂಡ್ ಟ್ರೂತ್, ಅಂದರೆ ಜಾಗಕ್ಕೆ ಹೋಗಿ ನಕ್ಷೆ ಸರಿಯೇ ಎಂದು ನೋಡಿಕೊಂಡು ಬರುವ ಕೆಲಸ, ಮೊದಲೇ ಆಗಬೇಕಿತ್ತು. ಜೀಪು ಸಿಗದೆ ಅದು ತಡವಾಯಿತು. ಜನವರಿಯ ಮೊದಲ ವಾರ ನಾನು ಸಿಂದಗಿಯ ಐ.ಬಿ.ಗೆ, ಅಂದರೆ ಸರಕಾರಿ ಬಂಗಲೆಗೆ, ಬಂದಿಳಿದೆ, ಒಂದು ಟ್ರಂಕು, ಒಂದು ನಕ್ಷೆಯ ಕೊಳವೆ, ಎರಡು ಸ್ವೆಟರ್ ತೆಗೆದುಕೊಂಡು.

ಒಂಟಿತನ ಎಂದರೆ ಮೌನ ಎಂದುಕೊಂಡಿದ್ದೆ. ಹಾಗಲ್ಲ. ಐ.ಬಿ.ಯಲ್ಲಿ ಒಂಟಿತನವೆಂದರೆ ಒಂದೇ ತಾಟು. ಅಡಿಗೆಯವನು ಬೆಳಗ್ಗೆ ಒಂದು ತಾಟು, ಒಂದು ಲೋಟ ಟೇಬಲ್ಲಿನ ತುದಿಗೆ ಇಟ್ಟು ಹೋಗುತ್ತಿದ್ದ. ಎಂಟು ಖುರ್ಚಿ ಖಾಲಿ. ಊರಿನ ಹೆಂಗಸರು ನನ್ನ ಕತ್ತರಿಸಿದ ಕೂದಲನ್ನು ನೋಡಿ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು. ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ತಂದೆ ವಾರಕ್ಕೊಂದು ಪೋಸ್ಟ್‌ಕಾರ್ಡ್ ಬರೆಯುತ್ತಿದ್ದರು, ಇಂಗ್ಲಿಷಿನಲ್ಲಿ, ಮೂರೇ ಸಾಲು. ಅದರಲ್ಲಿ ಎರಡು ಸಾಲು ಹವೆಯ ಬಗ್ಗೆ.

ಮೊದಲ ಬೆಳಗ್ಗೆ ನಾನು ಎದ್ದದ್ದೇ ಆ ಸದ್ದಿಗೆ. ಬಾಗಿಲು ತೆರೆದು ವರಾಂಡಕ್ಕೆ ಬಂದೆ. ನಮ್ಮ ಜೀಪಿನ ಡ್ರೈವರ್ ಮೌಲಾಸಾಬ್ ಬಾನೆಟ್ಟಿನ ಮೇಲಿನ ಇಬ್ಬನಿ ಒರೆಸುತ್ತಿದ್ದ. ಇಂಡಿಯ ಕಡೆಯವನು, ನಲವತ್ತು ದಾಟಿದವನು, ಮಾತು ತಡೆದುಕೊಳ್ಳಲಾರದವನು.

"ಯಾರು ಬಂದೂಕು ಹಾರಿಸುತ್ತಿದ್ದಾರೆ?" ಎಂದೆ.

ಅವನು ಒರೆಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. "ಬಂದೂಕಲ್ರಿ ಮೇಡಮ್ಮಾರ, ಕವಣಿ. ಹಕ್ಕಿ ಕಾಯಾಕತ್ತಾರ."

"ಹಕ್ಕಿ ಯಾಕೆ ಕಾಯಬೇಕು?"

"ಜ್ವಾಳ ತಿಂತಾವಲ್ರಿ."

"ಯಾವ ಜೋಳ?"

ಅವನು ಬಟ್ಟೆ ಹಿಂಡಿ, ಜೀಪಿನ ಬಾಗಿಲು ತೆಗೆದು ನಿಂತ.

ಊರು ದಾಟಿದ ಐದೇ ನಿಮಿಷಕ್ಕೆ ಜೋಳ ರಸ್ತೆಯ ಎರಡೂ ಬದಿಗೆ ಎದ್ದು ನಿಂತಿತ್ತು. ಜೀಪಿನ ಟಾಪಿಗಿಂತ ಎತ್ತರ. ಹಾಲು ತುಂಬಿದ ತೆನೆ, ಹೊಲದ ಅಂಚಿಗೆಲ್ಲ ಮುಳ್ಳಿನ ಕುಸುಬೆ. ತೊಡೆಯ ಮೇಲೆ ನನ್ನ ನಕ್ಷೆ ಬಿಡಿಸಿಕೊಂಡಿದ್ದೆ. ಅದರ ಪ್ರಕಾರ ನಾವು ಬ್ರೌನ್ ಬಣ್ಣದ ನಟ್ಟನಡುವೆ ಹೋಗುತ್ತಿದ್ದೆವು. ಪಾಳು, ಪಾಳು, ಪಾಳು. ಹಳ್ಳದ ದಂಡೆಗೆ ಬಂದಾಗ ನಾನು 'ತೋಟ' ಎಂದು ಗುರುತಿಸಿದ್ದ ಕೆಂಪು ಪಟ್ಟಿ ಬಂತು. ಬಳ್ಳಾರಿ ಜಾಲಿಯ ಪೊದೆ.

"ಇದು ತೋಟೇನ್ರಿ?" ಮೌಲಾಸಾಬ್ ನಕ್ಷೆಯತ್ತ ಬಗ್ಗಿ ಕೇಳಿದ. "ಇದರ ಹಣ್ಣಿನ ರುಚಿ ನನ್ನ ಟಾಯರಿಗೆ ಚಲೋ ಗೊತ್ತೈತ್ರಿ."

ಮೋರಟಗಿ ದಾಟಿದ ಮೇಲೆ ಒಂದು ಹಳ್ಳಿ. ಅದರ ಹೆಸರು ಬರೆಯುವುದಿಲ್ಲ. ಅಲ್ಲಿ ಜೀಪು ನಿಲ್ಲಿಸಿದೆ. ಹೊಲದ ನಡುವೆ ನಾಲ್ಕು ಕಂಬದ ಅಟ್ಟ. ಅದರ ಮೇಲೆ ಐವತ್ತರ ಸುಮಾರಿನ ಹೆಂಗಸು, ಕಚ್ಚೆ ಬಿಗಿದು, ಕೈಯಲ್ಲಿ ಕವಣೆ ಹಿಡಿದು ನಿಂತಿದ್ದಳು. ಅವಳೇ ಗುರುಬಾಯಿ.

"ಯಾರ್ರಿ ಅವ್ರು? ಬಗ್ಗಿ ಬರ್ರಿ, ಕಲ್ಲ ಬಡದೀತು!"

ನಾನು ಬಗ್ಗಿಯೇ ಹೋದೆ. ಅಟ್ಟದ ಕೆಳಗೆ ನಿಂತು ನನ್ನ ಗ್ರಾಂಥಿಕ ಕನ್ನಡದಲ್ಲಿ ಕೇಳಿದೆ: "ಅಮ್ಮಾ, ಈ ಭೂಮಿ ಪಾಳು ಬಿದ್ದಿತ್ತಲ್ಲವೇ? ಯಾವಾಗಿನಿಂದ ಬಿತ್ತನೆ ಮಾಡುತ್ತಿದ್ದೀರಿ?"

ಅವಳು ಕೆಳಗಿಳಿದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೌಲಾಸಾಬನ ಕಡೆ ತಿರುಗಿದಳು. "ಯಾವೂರ ಅಕ್ಕಾರಪಾ ಇವ್ರು?"

ಆ ಸೀಮೆಯಲ್ಲಿ ಸಾಲೆಯ ಟೀಚರಮ್ಮನನ್ನು ಅಕ್ಕಾರ ಎನ್ನುತ್ತಾರೆ. ಓದಿದ ಹೆಂಗಸೆಂದರೆ ಟೀಚರಮ್ಮನೇ ಇರಬೇಕು ಎಂದು ಅವಳ ಲೆಕ್ಕ.

ಚಿತ್ರದ ವಿಷಯ ಹೇಳಿದೆ. ಅಕ್ಟೋಬರಿನಲ್ಲಿ ಇಲ್ಲೆಲ್ಲ ಕಪ್ಪಾಗಿತ್ತು, ಏನೂ ಇರಲಿಲ್ಲ ಎಂದೆ. ಅವಳು ನಕ್ಕಳು. ತಂಬಾಕಿನ ಹಲ್ಲು ತೋರಿಸಿ, ಮನಸಾರೆ ನಕ್ಕಳು.

"ಮಳಿಗಾಲದಾಗ ಎರಿ ಹೊಲ ಖಾಲಿ ಇರೂದ್ರಿ ಅಕ್ಕಾರ. ನಾವ ಖಾಲಿ ಇಡ್ತೇವಿ. ಕುಂಟಿ ಹೊಡದು ಹೊಡದು ಕಸಾ ತಗದು ಬಿಡ್ತೇವಿ. ಹೊಲ ನೀರು ಕುಡ್ಯಾಕತ್ತಿರತೈತಿ. ಹೊಟ್ಟಿ ತುಂಬಾ ಕುಡದ ಮ್ಯಾಲೆ, ಹಸ್ತಾ ಮಳಿಗೆ ಬಿತ್ತೂದು. ನಿಮ್ಮ ಫೋಟೋದವ ಬಂದಾಗ ನನ್ನ ಜ್ವಾಳ ಇನ್ನಾ ಬೆರಳುದ್ದ ಇತ್ತು. ಬೆರಳುದ್ದದ್ದು ಅಲ್ಲಿಂದ ಕಾಣತೈತೇನ್ರಿ?"

"ಇಲ್ಲ," ಎಂದೆ.

"ಮತ್ತ? ಬಾಣಂತಿ ಮಲಗ್ಯಾಳಂತ ಸತ್ತಾಳ ಅಂದಂಗಾತು."

ನನ್ನ ಕಾಲ ಕೆಳಗಿನ ಎರೆಮಣ್ಣು ಬಿರುಕು ಬಿಟ್ಟಿತ್ತು. ಆ ಬಿರುಕಿನೊಳಕ್ಕೆ ನಾನು ಇಳಿದು ಹೋಗಬಾರದೇ ಅನಿಸಿತು. ಎರಡು ಇಸವಿ. ತಿಂಗಳಿಲ್ಲ. ಜನವರಿಯನ್ನು ಅಕ್ಟೋಬರಿನ ಪಕ್ಕ ಇಟ್ಟು, ನಾಲ್ಕು ತಾಲೂಕಿನ ಭೂಮಿ ಹಾಳಾಯಿತು ಎಂದು ಬರೆದಿದ್ದೆ.

ಆಮೇಲಿನ ದಿನಗಳಲ್ಲಿ ಇಂಡಿಯ ಕಡೆ ಹೋದೆವು, ಹೊರ್ತಿ, ಹಲಸಂಗಿ. ಕೆಳಗೆ ಬಾಗೇವಾಡಿ, ಮುದ್ದೇಬಿಹಾಳ. ಎಲ್ಲ ಕಡೆಯೂ ಅದೇ ಸದ್ದು, ಅದೇ ಬಿಳಿಜೋಳ. ನೋಟ್‌ಬುಕ್ಕಿನ ತುಂಬ ನನ್ನ ತಪ್ಪುಗಳನ್ನೇ ಬರೆದುಕೊಂಡೆ. ಡೋಣಿಯ ದಂಡೆಯಲ್ಲಿ ಉಪ್ಪು ಮೇಲೆದ್ದು ನಿಜವಾಗಿ ಪಾಳು ಬಿದ್ದ ಒಂದು ತುಣುಕು ಸಿಕ್ಕಾಗ, ನಂಬುತ್ತೀರೋ ಇಲ್ಲವೋ, ನಾನು ಚಪ್ಪಾಳೆ ತಟ್ಟಿದೆ. ಮೌಲಾಸಾಬ್ ಗಾಬರಿಯಾಗಿ ನೋಡಿದ. ಸಂಜೆ ತಿರುಗಿ ಬರುವಾಗ ದಾರಿ ಸುತ್ತಾದರೂ ಗುರುಬಾಯಿಯ ಹೊಲದ ಕಡೆಯಿಂದಲೇ ಬಾ ಎನ್ನುತ್ತಿದ್ದೆ. ಅವಳು ಎಳೆಯ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಊದಿ, ಸೀತನಿ ನನ್ನ ಕರ್ಚೀಫಿಗೆ ಸುರಿಯುತ್ತಿದ್ದಳು. ನಾನು ಅವಳನ್ನು ಅಕ್ಕಾ ಎನ್ನಲು ಶುರು ಮಾಡಿದ್ದೆ.

"ನೀವು ನನಗ ಅಕ್ಕಾರ, ನಾ ನಿಮಗ ಅಕ್ಕ," ಎಂದಳು ಒಂದು ಸಂಜೆ. "ನಮ್ಮಿಬ್ಬರಾಗ ತಂಗಿ ಯಾರ್ರಿ? ದುಡಿಯಾಕ ತಂಗಿ ಒಬ್ಬಾಕಿ ಬೇಕಲ್ಲ."

ಮದುವೆ ಯಾಕಾಗಲಿಲ್ಲ ಎಂದು ಕೇಳಲಿಲ್ಲ ಅವಳು. ಆ ನಾಲ್ಕು ತಾಲೂಕಿನಲ್ಲಿ ಅದನ್ನು ಕೇಳದವಳು ಅವಳೊಬ್ಬಳೇ. "ಒಬ್ಬಾಕೀನ ಉಂಡ್ರ ಅನ್ನ ಇಳಿಯೂದಿಲ್ರಿ," ಎಂದಳು ಒಮ್ಮೆ, ಅಷ್ಟೇ. ಮಕ್ಕಳಿಲ್ಲದ ವಿಧವೆ. ಗಂಡ ಹೋಗಿ ಹತ್ತು ವರ್ಷ. ಅವನಿದ್ದಾಗಿನಿಂದಲೂ ಆ ಎಂಟು ಎಕರೆಯನ್ನು ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಿದ್ದವಳು. ಮಾಲೀಕರು ಊರಿನ ದೊಡ್ಡ ವಾಡೆಯ ಧಣಿ.

ಎಳ್ಳ ಅಮಾವಾಸ್ಯೆಗೆ ಚರಗಕ್ಕೆ ಬರಲೇಬೇಕು ಎಂದು ಹೇಳಿಕಳಿಸಿದ್ದಳು. ಆ ಸೀಮೆಯವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ಅವತ್ತು ಹೊಲ ಮಾಡುವವರು ಬುತ್ತಿ ಕಟ್ಟಿಕೊಂಡು ತಮ್ಮ ಹೊಲಕ್ಕೆ ಹೋಗುತ್ತಾರೆ. ಸಜ್ಜೆ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ. ಹೊಲವನ್ನು ಪೂಜಿಸಿ, ಸುತ್ತಲೂ ಚರಗ ಎಂದು ಅನ್ನ ಚೆಲ್ಲಿ, ಹೊಲಕ್ಕೆ ಉಣ್ಣಿಸಿ, ಆಮೇಲೆ ಆಜೂಬಾಜೂ ಹೊಲದವರನ್ನು ಕರೆದು ಕೂರಿಸಿ ಉಣ್ಣುತ್ತಾರೆ. ನನ್ನನ್ನು ಸಾಲಿನಲ್ಲಿ ಕೂರಿಸಿದರು, ಮುದುಕರ ನಡುವೆ, ಮೌಲಾಸಾಬನ ಪಕ್ಕ. ಗುರುಬಾಯಿ ನನ್ನ ತಾಟಿಗೆ ಮೂರನೆಯ ಕಡುಬು ಹಾಕುವಾಗ ನಾನು "ಸಾಕು, ಪ್ಲೀಸ್" ಎಂದೆ. ಸಾಲಿಗೆ ಸಾಲೇ ನಕ್ಕಿತು. "ಪಿಲೀಸ ಅಂದ್ರ ಇನ್ನೊಂದು ಹಾಕು ಅಂತ," ಎಂದ ಮೌಲಾಸಾಬ್. ಅವಳು ಇನ್ನೊಂದು ಹಾಕಿದಳು. ಆ ಮಧ್ಯಾಹ್ನ ನನಗೆ ಯಾರೂ ಪರಕೀಯರು ಎನಿಸಲಿಲ್ಲ. ಆ ಚಳಿಗಾಲದಲ್ಲಿ ಅಂಥ ಮಧ್ಯಾಹ್ನ ಅದೊಂದೇ.

ಅದಾದ ವಾರದಲ್ಲಿ ಧಣಿಯವರು ಚಹಾಕ್ಕೆ ಕರೆದರು. ಸೌಮ್ಯ ಮನುಷ್ಯ, ಪುಣೆಯಲ್ಲಿ ಓದಿದವರು. ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದರು, ಮತ್ತು ನಾಚಿಕೆಯಿಂದ ಹೇಳುತ್ತೇನೆ, ಎಷ್ಟೋ ದಿನದ ಮೇಲೆ ಇಂಗ್ಲಿಷ್ ಕೇಳಿ ನನ್ನ ಮನಸ್ಸು ಹಗುರವಾಯಿತು. ಆಮೇಲೆ ಅವರು ಗೋಡೆಯ ಗೂಡಿನಿಂದ ಒಂದು ಸುರುಳಿ ತೆಗೆದು ಮೇಜಿನ ಮೇಲೆ ಬಿಡಿಸಿದರು.

ನನ್ನ ನಕ್ಷೆ, ಜಿಲ್ಲೆಗೆ ಹೋದ ಪ್ರತಿಗಳಲ್ಲೊಂದು. ನನ್ನ ಅಕ್ಷರ. 'ಬೆಳೆಯಿಂದ ಪಾಳಿಗೆ.'

"ಬಹಳ ಉಪಯೋಗ ಆಗತದ ನೋಡ್ರಿ ನಮಗ," ಎಂದರು, ಕನ್ನಡಕ್ಕೆ ತಿರುಗಿ. "ಮೊದಲ ಇಲ್ಲೆ ನಮ್ಮ ಸ್ವಂತ ಬೆಳಿ ಇತ್ತು, ನಿಮ್ಮ ಚಿತ್ರದಾಗೂ ಬೆಳಿ ಅದ. ಆಮ್ಯಾಲ ಪಾಳ ಬಿಟ್ಟಿದ್ದೆವು, ನಿಮ್ಮ ಚಿತ್ರದಾಗೂ ಪಾಳ ಅದ. ಆ ಗುರುಬಾಯಿ ಈಗೀಗ ಆ ಎಂಟು ಎಕರೆದಾಗ ನುಗ್ಗ್ಯಾಳ. ಫಾರ್ಮ್ ಸೆವೆನ್ ತುಂಬ್ಯಾಳ ನೋಡ್ರಿ, ಹೊಲ ತನ್ನ ಹೆಸರಿಗೆ ಮಾಡ್ರಿ ಅಂತ."

ಸ್ಯಾಟಲೈಟೇ ಅವರ ಪರವಾಗಿ ಬಂದು ನಿಂತ ಹಾಗಿತ್ತು. ಕಪ್ಪಿನಲ್ಲಿ ಅರ್ಧ ಚಹಾ ಬಿಟ್ಟು ಎದ್ದೆ.

ಕಾಯ್ದೆ ಬಂದಾಗ ಹೊಲ ಮಾಡುತ್ತಿದ್ದವಳು ತಾನೇ ಎಂದು ಗುರುಬಾಯಿ ತೋರಿಸಬೇಕಿತ್ತು, ಅವಳ ಕೈಯಲ್ಲಿ ಕಾಗದವಿರಲಿಲ್ಲ. ಲಾವಣಿ ಬಾಯಿಮಾತಿನದು. ಹೊಲದ ದಾಖಲೆಯಾದ ಉತಾರದಲ್ಲಿ ಧಣಿಯ ಹೆಸರೇ ಇತ್ತು. ಹೋಳಿಗಿಂತ ಮೊದಲು ತಾಲೂಕು ಕಚೇರಿಯಲ್ಲಿ ವಿಚಾರಣೆ. ಆ ಹೊಲ ಹೋದರೆ ಅವಳು ಇನ್ನೊಬ್ಬರ ಹೊಲದಲ್ಲಿ ಕೂಲಿಗೆ ನಿಲ್ಲಬೇಕು, ಐವತ್ತನೆಯ ವಯಸ್ಸಿನಲ್ಲಿ.

ಮರುದಿನ ಅಟ್ಟದ ಕೆಳಗೆ ಕೂತು ಎಲ್ಲ ಹೇಳಿದೆ. ಆ ನಕ್ಷೆ ಬರೆದವಳು ನಾನೇ ಎಂದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬೈಯಲಿಲ್ಲ. "ಕೆಂಪಂದು ತೋರಸ್ರಿ," ಎಂದಳು.

ಜನವರಿಯ ಚಿತ್ರ ಬಿಡಿಸಿದೆ. ಅವಳು ಕೈ ಸೀರೆಗೆ ಒರೆಸಿಕೊಂಡು ಅದರ ಅಂಚು ಮುಟ್ಟಿದಳು.

"ಇದ್ರಾಗ ನಾ ಎಲ್ಲಿ?"

ಪೆನ್ಸಿಲಿನ ಮೊನೆ ಇಟ್ಟೆ. ಆ ಮೊನೆಯ ಕೆಳಗೆ ಅವಳ ಹೊಲ, ಪಕ್ಕದ ಎರಡು ಹೊಲ, ಒಂದು ದಾರಿ ಎಲ್ಲ ಮುಚ್ಚಿಹೋದವು.

"ಕೆಂಪ ಐತಲ್ರಿ!" ಅವಳ ಮುಖ ಅರಳಿತು. "ಆ ವರ್ಷ ಕಾಳು ಬಾಳ ಆಗಿದ್ದು. ಇದ್ನ ಹೇಳ್ರಿ ಸಾಹೇಬ್ರ ಮುಂದ. ಮ್ಯಾಲಿಂದ ನೋಡಿದ್ದು ಖರೇನ ಅಲ್ರಿ? ನಾ ಇದ್ದೆ ಅಂತ ಅದಕ್ಕ ಗೊತ್ತೈತಿ."

ಅದಕ್ಕೆ ಗೊತ್ತಿಲ್ಲ ಅಕ್ಕಾ, ಅದಕ್ಕೆ ಬೆಳೆ ಗೊತ್ತು, ಬೆಳೆದವರು ಯಾರು ಎಂದು ಗೊತ್ತಿಲ್ಲ, ಎಂದು ಹೇಳಬೇಕಿತ್ತು. ಅವಳ ಮುಖ ನೋಡಿ ಹೇಳಲಾಗಲಿಲ್ಲ. "ನಾನು ಬರುತ್ತೇನೆ," ಎಂದಷ್ಟೇ ಹೇಳಿದೆ.

ಪೋಸ್ಟ್ ಆಫೀಸಿನಿಂದ ಚೀಫ್‌ಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಎರಡು ತಾಸು ಕಾದ ಮೇಲೆ ಲೈನ್ ಸಿಕ್ಕಿತು. ಊರಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದೆ: ತಿಂಗಳು ಬೇರೆ ಸರ್, ಹೋಲಿಕೆ ತಪ್ಪು ಸರ್. ಆಮೇಲೆ ಚೀಫ್, ನಿಧಾನವಾಗಿ: ಪೇಪರ್ ಹೋಗಿಯಾಗಿದೆ. ಕರಡು ಕರಡೇ. ಪರ್ಮಿಷನ್ ಇಲ್ಲದೆ ಎಲ್ಲಿಯೂ ಸ್ಟೇಟ್‌ಮೆಂಟ್ ಕೊಡಕೂಡದು. ಕೆಲಸ ಮುಗಿಸಿ ಬಾ.

ವಿಚಾರಣೆಯ ದಿನ ಕಚೇರಿಯ ಹಾಲ್ ತುಂಬಿತ್ತು. ಹಳ್ಳಿಯಿಂದ ಹತ್ತು-ಹನ್ನೆರಡು ಜನ ಬಂದು ಗೋಡೆಗಂಟಿ ಕೂತಿದ್ದರು, ಧಣಿಯವರ ಕಣ್ಣು ತಪ್ಪಿಸಿ. ನಾನು ಹಿಂದಿನ ಬೆಂಚಿನಲ್ಲಿದ್ದೆ. ಮೌಲಾಸಾಬ್ ಬಾಗಿಲಲ್ಲಿ ನಿಂತಿದ್ದ. ಧಣಿಯ ವಕೀಲರು ನಕ್ಷೆ ಬಿಡಿಸಿ, ಇದು ಆಕಾಶದಿಂದ ತೆಗೆದದ್ದು, ಇದಕ್ಕೆ ಯಾರ ಹಂಗೂ ಇಲ್ಲ ಎಂದು ಶುರು ಮಾಡಿದರು. ಎಷ್ಟು ಚಂದದ ಕನ್ನಡ ಅವರದು! ಇನ್ನೊಂದು ನಿಮಿಷ ಕೂತಿದ್ದರೆ ನಾನೇ ನಂಬುತ್ತಿದ್ದೆ. ಎದ್ದೆ.

"ಸರ್, ಈ ನಕ್ಷೆ ಬರೆದವಳು ನಾನು. ಇದರಲ್ಲಿ ತಪ್ಪಿದೆ."

ಮುಖ್ಯ ಅಧಿಕಾರಿಗಳು ಕನ್ನಡಕ ತೆಗೆದು ನೋಡಿದರು. ಹೇಳಿ ಎಂದರು. ಹೇಳಿದೆ. ಒಂದು ಚಿತ್ರ ಜನವರಿಯದು, ಒಂದು ಅಕ್ಟೋಬರಿನದು. ಅಕ್ಟೋಬರಿನಲ್ಲಿ ಈ ಸೀಮೆಯ ಎಲ್ಲರ ಹೊಲವೂ ಕಪ್ಪು. ಧಣಿಯವರ ಸ್ವಂತ ಹೊಲವೂ ಇದರಲ್ಲಿ ಪಾಳು ಎಂದೇ ಇದೆ.

ಹಾಲಿನಲ್ಲಿ ನಗು ಎದ್ದಿತು. ಧಣಿಯವರೂ ಮುಗುಳ್ನಕ್ಕರು, ಪಾಪ. ಅಧಿಕಾರಿ ಕೇಳಿದರು: "ಹಾಗಾದರೆ ಈ ಹೊಲವನ್ನು ಆಗ ಈ ಹೆಣ್ಣುಮಗಳೇ ಮಾಡುತ್ತಿದ್ದಳು ಎಂದು ನಿಮ್ಮ ಚಿತ್ರ ಹೇಳುತ್ತದೆಯೇ?"

ಗುರುಬಾಯಿ ನನ್ನ ಕಡೆ ತಿರುಗಿ ನೋಡುತ್ತಿದ್ದಳು.

"ಇಲ್ಲ ಸರ್. ಒಂದೊಂದು ಹೊಲವನ್ನು ಹೇಳುವಷ್ಟು ಕಣ್ಣು ಇದಕ್ಕಿಲ್ಲ. ಪರವಾಗಿಯೂ ಇಲ್ಲ, ವಿರುದ್ಧವಾಗಿಯೂ ಇಲ್ಲ."

ಅವಳ ಮುಖ ಆರಿತು. ಅಧಿಕಾರಿ ನಕ್ಷೆಯನ್ನು ಮಡಿಸಿ ಪಕ್ಕಕ್ಕಿಟ್ಟರು. "ಮತ್ತೇನಾದರೂ ಹೇಳುವುದಿದೆಯೇ?" ಎಂದರು. ನಮ್ಮ ಕಾನ್ವೆಂಟಿನ ಸಿಸ್ಟರ್ ಹೇಳುತ್ತಿದ್ದರು: ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು ಮಗು, ಕೊಟ್ಟು ಕೂತುಕೋ. "ಇಲ್ಲ ಸರ್," ಎಂದು ಕೂತೆ. ಸರಿಯಾದದ್ದನ್ನು ಮಾಡಿದೆ ಎಂಬ ನೆಮ್ಮದಿಯಲ್ಲಿ, ಬೆನ್ನು ನೆಟ್ಟಗೆ ಮಾಡಿ, ಕೂತೆ.

ಆಗ ಗುರುಬಾಯಿ ಎದ್ದಳು.

"ಸಾಹೇಬ್ರ, ಕಾಗದಾ ಬಿಡ್ರಿ. ನಾ ಸಾಲಿ ಕಲ್ತಾಕಿ ಅಲ್ಲ. ಆ ಹೊಲದಾಗ ಚರಗ ಯಾರು ಚೆಲ್ಲ್ಯಾರ, ಅಷ್ಟ ಕೇಳ್ರಿ. ಹೊಲ ಮಾಡೂವ್ರು ಚರಗ ಚೆಲ್ತಾರ, ಬ್ಯಾರೇದವ್ರು ಚೆಲ್ಲೂದಿಲ್ಲ. ಆ ಹೊಲದಾಗ ಧಣ್ಯಾರ ಚರಗ ಉಂಡವ್ರು ಒಬ್ಬರರ ಇದ್ರ ಎದ್ದು ನಿಂದರ್ಲಿ."

ಯಾರೂ ಏಳಲಿಲ್ಲ.

"ನನ್ನ ಬುತ್ತಿ ಉಂಡವ್ರು?"

ಗೋಡೆಗಂಟಿದವರು ಧಣಿಯ ಕಡೆ ನೋಡಿದರು, ನೆಲ ನೋಡಿದರು. ಕೊನೆಗೆ ಪಕ್ಕದ ಹೊಲದ ಮುದುಕ, ಚರಗದ ದಿನ ನನ್ನ ಎಡಗಡೆ ಕೂತಿದ್ದವನು, ಗೋಡೆ ಹಿಡಿದುಕೊಂಡು ಎದ್ದ. "ಇಪ್ಪತ್ತ ವರ್ಷ ಉಂಡೇನ್ರಿ," ಎಂದ. ಇನ್ನೊಬ್ಬಳು ಎದ್ದಳು. ಮತ್ತೆ ಇಬ್ಬರು. ಬಾಗಿಲಿನಿಂದ ಮೌಲಾಸಾಬ್ ಕೂಗಿದ: "ನಾ ಮದ್ಲ ನಿಂತ ಬಿಟ್ಟೇನಲ್ರಿ ಸಾಹೇಬ್ರ! ಈ ವರ್ಷದ್ದ ಉಂಡೇನಿ. ನನ್ನೂ ಬರಕೋರಿ." ಎಲ್ಲರೂ ನಕ್ಕರು. ಅಧಿಕಾರಿಯೂ ನಕ್ಕು ಏನೋ ಬರೆದುಕೊಂಡರು.

ಗುರುಬಾಯಿ ನಗಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು.

ನಾನು ಕೂತಿದ್ದೆ. ನನ್ನ ತಲೆಯಲ್ಲಿ ಲೆಕ್ಕ ನಡೆದಿತ್ತು: ನಾನು ಉಂಡದ್ದು ಈ ವರ್ಷ, ಕಾಯ್ದೆಗೆ ಬೇಕಾದದ್ದು ಅದು ಬಂದ ವರ್ಷ, ಇದು ಎವಿಡೆನ್ಸ್ ಆಗುವುದಿಲ್ಲ, ನಾನು ಸರಕಾರಿ ನೌಕರಳು, ಪರ್ಮಿಷನ್ ಇಲ್ಲ. ಎಲ್ಲವೂ ಸರಿಯಾದ ಲೆಕ್ಕವೇ. ಮೌಲಾಸಾಬನಿಗೂ ಇದೆಲ್ಲ ಅನ್ವಯಿಸುತ್ತಿತ್ತು. ಅವನೂ ಸರಕಾರಿ ನೌಕರನೇ, ಅವನು ಉಂಡದ್ದೂ ಅದೇ ಒಂದು ವರ್ಷ. ಅವಳು ಕೇಳಿದ್ದು ಎವಿಡೆನ್ಸ್ ಆಗಿರಲಿಲ್ಲ. ಉಂಡವರು ಏಳಿ ಎಂದು ಕೇಳಿದ್ದಳು. ನಾಲ್ಕು ಕಡುಬು ಉಂಡಿದ್ದೆ.

ಅಧಿಕಾರಿಗಳು ಹೊಲಕ್ಕೇ ಬಂದು ಆಜೂಬಾಜೂದವರನ್ನು ಕೇಳುವುದಾಗಿ ಹೇಳಿ ತಾರೀಖು ಮುಂದೆ ಹಾಕಿದರು. ಹೊರಗೆ ಬೇವಿನ ಗಿಡದ ಕೆಳಗೆ ಗುರುಬಾಯಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಹತ್ತಿರ ಹೋದೆ. "ಫೋಟೋದ ಮಾತು ಚಲೋ ಹೇಳಿದ್ರಿ ಅಕ್ಕಾರ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಾಲೆಯ ಟೀಚರಮ್ಮನಿಗೆ ಹೇಳುವ ಹಾಗೆ ಹೇಳಿದಳು. ಮುದುಕನ ಕೈ ಹಿಡಿದುಕೊಂಡು ಬಸ್ಸಿನ ಕಡೆ ಹೋದಳು. ಜೀಪಿನಲ್ಲಿ ಜಾಗವಿತ್ತು. ಬರ್ರಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಆ ಹೊಲ ಅವಳ ಹೆಸರಿಗೆ ಆಯಿತು. ಎರಡು ವರ್ಷದ ಮೇಲೆ ಮೌಲಾಸಾಬ್ ಯಾರಿಂದಲೋ ಬರೆಸಿ ಹಾಕಿದ ಕಾರ್ಡಿನಿಂದ ನನಗೆ ತಿಳಿಯಿತು. ಪರ್ಮಿಷನ್ ಇಲ್ಲದೆ ಮಾತಾಡಿದ್ದಕ್ಕೆ ನನ್ನನ್ನು ಆಗ ಆಫೀಸಿನ ಲೈಬ್ರರಿಗೆ ಹಾಕಿದ್ದರು. ನಕ್ಷೆಯ ಟೇಬಲ್ಲಿಗೆ ಮತ್ತೆ ಯಾರೂ ನನ್ನನ್ನು ಕರೆಯಲಿಲ್ಲ. ಕಾರ್ಡನ್ನು ಓದಿ ಒಬ್ಬಳೇ ಕ್ಯಾಂಟೀನಿಗೆ ಹೋಗಿ ಎರಡು ಜಾಮೂನು ತಿಂದೆ. ಈಗ ನನ್ನ ಫೋನಿನಲ್ಲಿ ಆ ಹೊಲ ಕಾಣುತ್ತದೆ, ಒಡ್ಡು, ದಾರಿ, ಮರದ ನೆರಳು ಕೂಡ. ಮಳೆಗಾಲದಲ್ಲಿ ಕಪ್ಪಗಿರುತ್ತದೆ. ಯಾರು ಮಾಡುತ್ತಾರೆ ಎನ್ನುವುದು ಇದರಲ್ಲೂ ಕಾಣುವುದಿಲ್ಲ.

ಅವಳನ್ನು ಕೊನೆಯ ಸಲ ನೋಡಿದ್ದು ನಾನು ಸಿಂದಗಿ ಬಿಟ್ಟ ದಿನ, ಫೆಬ್ರವರಿ ಮುಗಿಯುತ್ತಾ ಬಂದಿತ್ತು. ಹೇಳದೆಯೇ ಮೌಲಾಸಾಬ್ ಆ ದಾರಿ ಹಿಡಿದಿದ್ದ. ಜೋಳ ಕಿತ್ತಾಗಿತ್ತು, ದಂಟು ಸಾಲಾಗಿ ಮಲಗಿತ್ತು. ಅಟ್ಟದ ಕಂಬಗಳನ್ನೂ ಕಿತ್ತು ಒಡ್ಡಿನ ಮೇಲೆ ಹಾಕಿದ್ದರು. ಹೊಲದ ನಡುವೆ ಅವಳೊಬ್ಬಳೇ ನಿಂತಿದ್ದಳು. ಜೀಪು ನಿಂತಿತು. ನಾನು ಇಳಿಯಲಿಲ್ಲ. ಬಾಗಿಲ ಹಿಡಿಯ ಮೇಲೆ ಕೈ ಇತ್ತು, ಇಳಿಯಲಿಲ್ಲ. ಅವಳು ಬಿಸಿಲಿಗೆ ಕೈ ಅಡ್ಡ ಹಿಡಿದು ನಮ್ಮನ್ನು ನೋಡಿದಳು. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಕವಣೆ ತೆಗೆದು, ಕಲ್ಲು ಇಡದೆ, ತಲೆಯ ಮೇಲೆ ಎರಡು ಸುತ್ತು ತಿರುಗಿಸಿ ಬೀಸಿದಳು.

ಫಟ್!

ಮೌಲಾಸಾಬ್ ಗೇರ್ ಹಾಕಿದ. ಸ್ವಲ್ಪ ದೂರ ಹೋದ ಮೇಲೆ, "ಹೊಲದಾಗ ಒಂದು ಹಕ್ಕೀನೂ ಇದ್ದಿದ್ದಿಲ್ಲಲ್ರಿ," ಎಂದ.